ಒಂದೇ ಗದ್ದೆಯ ಅಕ್ಕಿ

ಕುಕ್ಕರ್ ಸೀಟಿ ಹೊಡೆಯುವ ಮೊದಲೇ ಅನ್ನದ ವಾಸನೆ ನಡುಮನೆಗೆ ಬಂದರೆ, ಅದು ಸುಮಿತ್ರಾ ಕಾಕುವಿನ ಅಕ್ಕಿ. ಇವತ್ತು ಬೆಳಿಗ್ಗೆ ಬಂತು. ಪೇಪರು ಮಡಚಿಟ್ಟು ಸುಮ್ಮನೆ ಕುಳಿತೆ. ನಿಮಗೂ ಇಂಥದೊಂದು ವಾಸನೆ ಇರಬಹುದು, ಓದುತ್ತಿದ್ದ ಸಾಲನ್ನೇ ಮರೆಸುವಂಥದು.

ಕಾಕು ನನ್ನ ತಾಯಿಯ ಗೆಳತಿ. ಖಾನಾಪುರದ ಕಡೆ, ಹಲಸಿಯ ಹತ್ತಿರ ಅವರ ಗದ್ದೆ. ಸುಗ್ಗಿ ಮುಗಿದ ಮೇಲೆ ಖಾನಾಪುರದ ಬಸ್ಸಿಗೆ ಚೀಲ ಹಾಕಿಕೊಂಡು ಪೇಟೆಯಲ್ಲಿ ಖಾಸಬಾಗದ ನಮ್ಮ ಮನೆಗೆ ಬರುತ್ತಾರೆ. ಕಂಡಕ್ಟರನ ಜೊತೆ ಮರಾಠಿಯಲ್ಲಿ ಶುರುವಾದ ಜಗಳ ನಮ್ಮ ಬಾಗಿಲಲ್ಲಿ ಕನ್ನಡದಲ್ಲಿ ಮುಗಿಯುತ್ತದೆ.

ಅವರು ಬೆಳೆಯುವುದು ಹಳೆಯ ವಾಸನೆ ಭತ್ತ. ಎದೆಯೆತ್ತರ ಬೆಳೆಯುತ್ತದೆ, ಇಳುವರಿ ಕಡಿಮೆ, ಜೋರು ಗಾಳಿ ಬೀಸಿದರೆ ಮಲಗಿಬಿಡುತ್ತದೆ. ಸುತ್ತಲಿನವರು ಗದ್ದೆಯನ್ನು ಎರಡು ಮಾಡಿಕೊಂಡಿದ್ದಾರೆ. ದೊಡ್ಡ ಪಾಲಿನಲ್ಲಿ ಗೊಬ್ಬರ, ಔಷಧ ಹೊಡೆದು ಪೇಟೆಗೆಂದು ಬೆಳೆಯುವ ಗಿಡ್ಡ ಭತ್ತ. ಮೂಲೆಯ ಮಡಿಯಲ್ಲಿ ಏನೂ ಹೊಡೆಯದೆ ಮನೆಗೆಂದು ಬೆಳೆಯುವ ಹಳೆಯದು. ಅವರನ್ನು ಅನ್ನುವಂತಿಲ್ಲ, ಪೇಟೆ ಕೇಳಿದ್ದೇ ಅದನ್ನು. ಕಾಕು ಮಾತ್ರ ಗದ್ದೆ ಒಡೆಯಲಿಲ್ಲ. ತಾವು ಉಣ್ಣುವುದನ್ನೇ ನಮಗೂ ತರುತ್ತಾರೆ.

ನಾನು ಬ್ಯಾಂಕಿನಲ್ಲಿದ್ದವನು. ಆದ್ದರಿಂದ ಎಲ್ಲದರ ಬಗ್ಗೆಯೂ ಅಭಿಪ್ರಾಯವಿದೆ. ಒಮ್ಮೆ ಹೇಳಿದೆ, "ಕಾಕು, ಇಷ್ಟು ಮಂದಿ ಹೊಟ್ಟಿ ತುಂಬಬೇಕಲ್ರೀ. ರೈತರು ಜಾಸ್ತಿ ಬೆಳೀಬೇಕು, ಸೋವಿ ಕೊಡಬೇಕು. ಅದು ನಿಮ್ಮ ಧರ್ಮ ಅಲ್ಲೇನ್ರೀ?"

"ಬ್ಯಾಂಕಿನವರ ಧರ್ಮ ಯಾವುದಪಾ? ಚಾ ಕುಡಿಯೂದು?" ಎಂದರು. ಆಮೇಲೆ ನಗು ನಿಲ್ಲಿಸಿ, "ಹಸದವ್ರಿಗೆ ಇಲ್ಲ ಅನ್ನಬಾರದು, ಖರೇ. ಆದ್ರ ಊರ ಹಸಿವಿ ಎಲ್ಲಾ ನನ್ನ ಒಂದ ಗದ್ದಿ ಮ್ಯಾಲ ಯಾಕ ಹೇರ್ತಿ? ನೀನೂ ಒಂದ ಕಡೆ ಹಿಡಿ. ನಾ ಉಣ್ಣದ್ದನ್ನ ನಿನಗ ಹೆಂಗ ಕೊಡ್ಲಿ?" ಎಂದರು.

ಕಾಕುವಿನ ಮಗ ಮಹಾದೇವನದು ಬೇರೆ ಲೆಕ್ಕ. ಅವನಿಗೂ ಸಂಸಾರವಿದೆ. ಹೋದ ಮಳೆಗಾಲದಲ್ಲಿ ತಾಯಿ-ಮಗ ಒಂದು ಮಾತಿಗೆ ಬಂದಿದ್ದರು: ಈ ಸಲ ಬೆಳೆ ನೆಲಕ್ಕೆ ಬಿದ್ದರೆ, ಮುಂದಿನ ವರ್ಷ ಗದ್ದೆ ಎರಡಾಗಬೇಕು.

ಕೊಯ್ಲಿನ ಊಟಕ್ಕೆ ಕರೆದರೆಂದು ನಾನು ಹೋದೆ. ಹಿಂದಿನ ರಾತ್ರಿ ಗಾಳಿ ಮಳೆ ಬಂದಿತ್ತು. ಬದುವಿನ ಮೇಲೆ ನಿಂತು ನೋಡಿದಾಗ ಗದ್ದೆ ಇರಲಿಲ್ಲ, ಒಂದೇ ದಿಕ್ಕಿಗೆ ಒರಗಿದ ಒದ್ದೆ ಚಾಪೆಯಿತ್ತು. ಯಾರದೋ ಮನೆಯ ಅನ್ನ ನೆಲಕ್ಕೆ ಬಿದ್ದದ್ದನ್ನು ಅಷ್ಟು ಹತ್ತಿರದಿಂದ ನಾನು ಕಂಡಿರಲಿಲ್ಲ.

"ಬಿತ್ತು. ನಿನ್ನ ಮಾತ ಖರೇ ಆತು," ಎಂದು ಮಗನಿಗೆ ಹೇಳಿ ಕಾಕು ಕೆಸರಿಗಿಳಿದರು. ಬಿದ್ದ ಭತ್ತದ ನಾಲ್ಕು ಬುಡ ಎತ್ತಿ ಕೂಡಿಸಿ, ಅದರದೇ ಗರಿಯಿಂದ ಕಟ್ಟಿ, ಒಣಗುವ ತನಕ ಒಂದಕ್ಕೊಂದು ಆತುಕೊಂಡು ನಿಲ್ಲುವಂತೆ ಬಿಟ್ಟರು. ಮುಂದಿನ ನಾಲ್ಕಕ್ಕೆ ಹೋದರು. ಬೈಯಲಿಲ್ಲ, ಅಳಲಿಲ್ಲ. ಮಹಾದೇವ ಪ್ಯಾಂಟು ಮಡಚಿ ಇಳಿದ. ನಾನೂ ಇಳಿದೆ. ನಾನು ಕಟ್ಟಿದ ಕಟ್ಟುಗಳು ನನ್ನ ಕಣ್ಣೆದುರೇ ಮತ್ತೆ ಮಲಗಿದವು.

"ಸಾಹೇಬರು ಕಟ್ಟಿದ್ದಕ್ಕ ಬ್ಯಾಂಕಿನ ನಿದ್ದಿ ಹತ್ತೇತಿ," ಎಂದ ಮಹಾದೇವ.

ಸಂಜೆಯ ತನಕ ಅವನು ಕಟ್ಟುತ್ತಲೇ ಇದ್ದ. ಕೈ ತೊಳೆಯುವಾಗ ತಾಯಿಯನ್ನು ಕೇಳಿದ, "ಮುಂದಿನ ಸಲ ಬಿತ್ತಾಕ ಯಾವ ಸಾಲಿನ ಬೀಜ ಇಡೂಣು, ಅವ್ವಾ?"

ಕಾಕು ಗಟ್ಟಿಯಾಗಿ ನಿಂತ ಸಾಲೊಂದನ್ನು ತೋರಿಸಿದರು. ಗದ್ದೆ ಒಡೆಯುವ ಮಾತು ಅಲ್ಲಿಗೆ ಮುಗಿಯಿತು.

ಅದೇ ಅಕ್ಕಿ ಮೊನ್ನೆ ಬಂತು. ಚೀಲ ಸಣ್ಣದು, ಅರ್ಧ ನುಚ್ಚು. "ಕಡಿಮಿ ಐತಿ. ಕಡಿಮಿ ಉಣ್ರಿ," ಎಂದು ಕಾಕು ಕೊಟ್ಟು ಹೋದರು.

ನಮ್ಮ ಅಡುಗೆಮನೆಯಲ್ಲಿ ಎರಡು ಡಬ್ಬಿಗಳಿವೆ. ಒಂದರಲ್ಲಿ ಕಾಕುವಿನ ಅಕ್ಕಿ. ಇನ್ನೊಂದರಲ್ಲಿ ಪಾತ್ರೆ ತೊಳೆಯುವ ರೇಣುಕಾಳ ಊಟಕ್ಕೆಂದು ಪೇಟೆಯಿಂದ ತಂದ ಸೋವಿ ಅಕ್ಕಿ. ಗದ್ದೆ ಒಡೆದವರು ಖಾನಾಪುರದಲ್ಲಿ ಮಾತ್ರ ಇರಲಿಲ್ಲ, ನಮ್ಮ ಮನೆಯಲ್ಲೂ ಇದ್ದರು. ಇವತ್ತು ರೇಣುಕಾ ಬಂದಾಗ ಹೆಂಡತಿ ಎರಡನೇ ಡಬ್ಬಿಗೆ ಕೈ ಹಾಕಿದಳು.

"ಬ್ಯಾಡ. ಕಾಕೂನ ಅಕ್ಕಿ ಎಲ್ಲಾರೂ ಉಣ್ಣೂಣು," ಎಂದೆ.

"ಲಗೂನ ತೀರತೈತ್ರಿ."

"ತೀರಲಿ. ಆಮ್ಯಾಲ ಎಲ್ಲಾರೂ ರೊಟ್ಟಿ ತಿನ್ನೂಣು."

ಹೆಂಡತಿ ಆ ಡಬ್ಬಿಯ ಮುಚ್ಚಳ ಹಾಕಿದಳು. ಆಮೇಲೆ ಕುಕ್ಕರಿನ ಮುಚ್ಚಳ ತೆಗೆದು ಮೂರು ತಾಟು ಹಾಕಿದಳು.