ದೊಣೆಯ ದಂಡೆಯಲ್ಲಿಟ್ಟ ಕಲ್ಲು

ದೆವ್ವ ಭೂತ ಅಂದರೆ ನಗುತ್ತಿದ್ದವಳು ನಾನು. ನೀವೂ ನಗುವುದಾದರೆ ನಗಿ, ನನಗೇನೂ ನಷ್ಟವಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಯುದ್ಧದ ಕಾಲ. ಪೂರಿಗಾಲಿಯಿಂದ ಈ ಊರಿಗೆ ಮದುವೆಯಾಗಿ ಬಂದು ಎರಡು ವರ್ಷವಾಗಿತ್ತು. ಗಂಡ ಮಂಡ್ಯದಲ್ಲಿ ಕೂಲಿಗಿದ್ದ. ಮನೆಯಲ್ಲಿ ನಾನು ಮತ್ತು ಅತ್ತೆ. ಅವಳು ಮೂರು ತಿಂಗಳಿಂದ ಎದ್ದು ಕೂರಲೂ ಆಗದೆ ಹಾಸಿಗೆ ಹಿಡಿದಿದ್ದಳು.

ಬೇಸಿಗೆಯಲ್ಲಿ ನಮ್ಮೂರಿಗೆ ಕುಡಿಯುವ ನೀರೆಂದರೆ ಬೆಟ್ಟದ ನೆತ್ತಿಯ ದೊಣೆಯದೇ. ಬಂಡೆಗಳ ನಡುವಿನ ದೊಡ್ಡ ಹೊಂಡ ಅದು. ತಳ ಕಂಡಾಗ ಹೆಂಗಸರು ಇಳಿದು ಹೂಳು ತೆಗೆದರೆ ಒರತೆ ಬರುತ್ತಿತ್ತು. ಒಂದು ಮನೆಯಿಂದ ಎಷ್ಟು ಜನ ಇಳಿದರೋ ಆ ಮನೆಗೆ ದಿನಕ್ಕೆ ಅಷ್ಟು ಕೊಡ ನೀರು. ಕೆಸರು ಹಿಂದೆ ಒಬ್ಬಳನ್ನು ನುಂಗಿತ್ತಂತೆ. ಅದಕ್ಕೇ ಇಳಿಯುವಾಗ ಒಬ್ಬೊಬ್ಬರೂ ದಂಡೆಯಲ್ಲಿ ಒಂದು ಕಲ್ಲಿಟ್ಟು, ಮೇಲೆ ಬಂದಾಗ ಅವರವರೇ ಎತ್ತಿಕೊಳ್ಳಬೇಕು. ಕಲ್ಲು ಉಳಿದರೆ ಯಾರೋ ಕೆಳಗೇ ಇದ್ದಾರೆಂದು ಲೆಕ್ಕ. ಇನ್ನೊಬ್ಬರ ಕಲ್ಲನ್ನು ಯಾರೂ ಮುಟ್ಟುವುದಿಲ್ಲ. ನೀರು ಹಂಚುವ ನೀರಗಂಟಿ ಬೆಳಿಗ್ಗೆ ಎಣಿಸುತ್ತಿದ್ದದ್ದೂ ಕಲ್ಲನ್ನೇ.

ಒಂದು ಕೊಡದಲ್ಲಿ ರೋಗಿಯ ಮೈ ತೊಳೆದು, ಗಂಜಿ ಕಾಯಿಸುವುದು ಹೇಗೆ? ಹೂಳು ತೆಗೆಯುವ ದಿನ ಅತ್ತೆಯ ಎಲೆಅಡಿಕೆ ಕುಟ್ಟುವ ಗುಂಡುಕಲ್ಲನ್ನು ಸೆರಗಿನಲ್ಲಿ ಕಟ್ಟಿಕೊಂಡು, ಹೊರಗಿನಿಂದ ಚಿಲಕ ಹಾಕಿ ಬೆಟ್ಟ ಹತ್ತಿದೆ. ದಂಡೆಯಲ್ಲಿ ನನ್ನದೊಂದು, ಅವಳದೊಂದು ಇಟ್ಟೆ. ಪಕ್ಕದ ಮನೆಯ ನಿಂಗಮ್ಮ ಅದನ್ನು ಕಂಡಳು.

"ನಿಮ್ಮತ್ತೆ ಯಾವಾಗ್ಲೇ ಎದ್ಲು?"

"ನನ್ನ ಇಂದೆ ಬತ್ತಾವ್ಳೆ ಕಣಕ್ಕ."

"ಅವ್ಳು ಬರೋ ಒತ್ಗೆ ದೊಣೆ ತುಂಬಿ ಕೋಡಿ ಬೀಳ್ತದೆ, ಬುಡು" ಎಂದು ನಕ್ಕಳೇ ಹೊರತು ಯಾರಿಗೂ ಹೇಳಲಿಲ್ಲ.

ಹೊತ್ತು ಇಳಿದಾಗ ಮೇಲೆ ಬಂದೆ. ನನ್ನ ಕಲ್ಲು ಇತ್ತು, ಅತ್ತೆಯದು ಇರಲಿಲ್ಲ. ನಿಂಗಮ್ಮ ಮುಟ್ಟಿಲ್ಲವೆಂದು ಮಕ್ಕಳ ಮೇಲೆ ಆಣೆ ಇಟ್ಟಳು. ಇಡೀ ದಿನ ನನ್ನ ಪಕ್ಕದಲ್ಲೇ ಕೆಸರು ಎತ್ತಿದವಳು ಅವಳು. ನೀರಗಂಟಿ ಬೆಳಗಿನ ಎಣಿಕೆಯಂತೆ ಎರಡು ಕೊಡ ಕೊಟ್ಟ. ತಲೆಯ ಮೇಲೊಂದು, ಸೊಂಟದಲ್ಲೊಂದು ಹೊತ್ತು ಇಳಿದೆ.

ಬಾಗಿಲ ಚಿಲಕ ಹಾಕಿದಂತೆಯೇ ಇತ್ತು. ಒಳಗೆ ಅತ್ತೆ ಮಲಗಿದ್ದಳು. ಮಂಡಿಯವರೆಗೆ ಕಪ್ಪು ಕೆಸರು, ಇನ್ನೂ ಹಸಿ. ನಮ್ಮೂರ ಮಣ್ಣು ಕೆಂಪು. ಅಂಥ ಕಪ್ಪು ಕೆಸರು ದೊಣೆಯಲ್ಲಿ ಬಿಟ್ಟರೆ ಎಲ್ಲೂ ಇಲ್ಲ. ಮುಷ್ಟಿಯಲ್ಲಿ ಗುಂಡುಕಲ್ಲು.

"ನನ್ನ ಪಾಲು ಎತ್ತಾಕ್ಬುಟ್ಟು ಬಂದೆ ಕಣವ್ವ. ನೀರು ಕೊಡು" ಅಂದಳು.

ಒಂದು ಚೆಂಬು ಕುಡಿದಳು. ದೀಪ ಹಚ್ಚುವ ಮುಂಚೆ ಸತ್ತಳು. ಎರಡನೇ ಕೊಡದ ನೀರು ಹೆಣ ತೊಳೆಯಲು ಆಯಿತು.

ನಾನು ಕಲ್ಲಿಟ್ಟದ್ದಕ್ಕೆ ಬಂದಳೋ, ಇಡದಿದ್ದರೆ ಇನ್ನಷ್ಟು ದಿನ ಇರುತ್ತಿದ್ದಳೋ, ಇವತ್ತಿಗೂ ತಿಳಿಯದು. ತಿಳಿದವರು ಯಾರೂ ಸಿಕ್ಕಿಲ್ಲ. ಈಗ ನನಗೂ ಹಲ್ಲಿಲ್ಲ. ಅದೇ ಕಲ್ಲಿನಲ್ಲಿ ಎಲೆಅಡಿಕೆ ಕುಟ್ಟಿಕೊಳ್ಳುತ್ತೇನೆ. ಸೊಸೆ ಅದನ್ನು ಮುಟ್ಟಿದರೆ ಮಾತ್ರ ಬಯ್ಯುತ್ತೇನೆ.