ಕಸದ ಗಾಡಿಯಲ್ಲಿ ರೇಷ್ಮೆ ಸೀರೆ

ಕಸ ಎಸೆದು ಬರುವುದಕ್ಕೆಂದು ಮೈಸೂರು ಸಿಲ್ಕ್ ಸೀರೆ ಉಟ್ಟು ಹೊರಟ ಹೆಂಗಸು ನಿಮ್ಮ ಪರಿಚಯದಲ್ಲಿ ಯಾರಾದರೂ ಇದ್ದಾರೆಯೆ? ಇದ್ದಾಳೆ. ಈ ಅಂಕಣ ಬರೆಯುವವಳೇ. ಹಣೆಗೆ ದೊಡ್ಡ ಕುಂಕುಮ, ಕೈಗೆ ರಬ್ಬರ್ ಗ್ಲೌಸ್, ಮೂಗಿಗೆ ಆಸ್ಪತ್ರೆಯ ಮಾಸ್ಕ್.

ನಾನು ಕುವೈಟಿಗೆ ಮರಳಿ ಬಂದು ಕೆಲವು ವಾರಗಳಾದವು. ಸೋತು ಹೊರಟ ಇರಾಕಿನವರು ಬೆಂಕಿ ಹಚ್ಚಿದ ಎಣ್ಣೆ ಬಾವಿಗಳ ಹೊಗೆ ಇನ್ನೂ ಪೂರ್ತಿ ಹೋಗಿಲ್ಲ. ಒಣಗಲು ಹಾಕಿದ ಬಿಳಿ ಬಟ್ಟೆ ಬೂದು ಬಣ್ಣವಾಗಿ ಒಳಗೆ ಬರುತ್ತದೆ. ಊರಿನಲ್ಲಿದ್ದಷ್ಟು ದಿನವೂ ನೀವೆಲ್ಲ ಸಿಕ್ಕಲ್ಲಿ ಕೇಳಿದ್ದು ಒಂದೇ. ಯುದ್ಧದ ಬಗ್ಗೆ ಯಾಕೆ ಬರೆಯುವುದಿಲ್ಲ? ಟ್ಯಾಂಕ್ ನೋಡಿದ್ದೀರಾ?

ನೋಡಿದ್ದೇನೆ. ಮಣ್ಣಿನ ಬಣ್ಣ. ಟ್ಯಾಂಕಿನ ಬಗ್ಗೆ ನನಗೆ ಗೊತ್ತಿರುವುದು ಅಷ್ಟೇ. ಕಸದ ಬಗ್ಗೆ ಕೇಳಿ, ವಿವರವಾಗಿ ಹೇಳುತ್ತೇನೆ.

ನಮ್ಮದು ಜಾಬ್ರಿಯಾ ಬಡಾವಣೆಯಲ್ಲಿ ಒಂದು ಹಳೆಯ ಕಟ್ಟಡ. ಮೊದಲ ಮಹಡಿಯಲ್ಲಿ ನಾವು ಮೂವರು: ನಾನು, ಅಹ್ಮದಿಯ ಎಣ್ಣೆ ಕಂಪನಿಯಲ್ಲಿ ಕೆಲಸ ಮಾಡುವ ನಮ್ಮವರು, ಮತ್ತು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಮಗಳು ರಶ್ಮಿ. ರಾತ್ರಿ ಕಸದ ಚೀಲವನ್ನು ಬಾಗಿಲ ಹೊರಗೆ ಇಟ್ಟರೆ ಬೆಳಿಗ್ಗೆ ಅದು ಇರುತ್ತಿರಲಿಲ್ಲ. ಕಟ್ಟಡದ ಕಾವಲಿನ ಈಜಿಪ್ಟಿನವನು ಅದನ್ನು ಬೀದಿ ಮೂಲೆಯ ಕಬ್ಬಿಣದ ತೊಟ್ಟಿಗೆ ಹಾಕುತ್ತಿದ್ದ. ಅಲ್ಲಿಂದ ಮುನಿಸಿಪಾಲಿಟಿಯ ಲಾರಿ. ಲಾರಿಯಿಂದ ಮುಂದೆ ಎಲ್ಲಿಗೆ? ಕೇಳಿದವರಿಲ್ಲ.

ಕಳೆದ ವರ್ಷದ ಆಗಸ್ಟಿನಲ್ಲಿ ಇರಾಕಿನ ಸೈನ್ಯ ಬಂತು. ಕಾವಲಿನವನು ಹೆಂಡತಿ ಮಕ್ಕಳನ್ನು ಕರೆದುಕೊಂಡು ಜೋರ್ಡಾನಿನ ದಾರಿ ಹಿಡಿದ. ಲಾರಿಯವರೂ ಹೋದರು. ಅವರೂ ಬಡ ದೇಶದಿಂದ ಬಂದ ಬಡವರೇ ತಾನೆ? ಜೀವ ಉಳಿಸಿಕೊಳ್ಳುವಾಗ ಯಾರೂ ಮೊದಲು ಬೀದಿ ಗುಡಿಸಿ ಹೋಗುವುದಿಲ್ಲ.

ಊರು ಬಿಟ್ಟು ಹೋಗುವವರು ಒಂದು ಕೆಲಸ ಮಾತ್ರ ತಪ್ಪದೆ ಮಾಡಿದರು. ಫ್ರೀಜರ್ ಖಾಲಿ ಮಾಡಿದರು. ಕೋಳಿ, ಕುರಿ, ಮೀನು ಎಲ್ಲ ತೊಟ್ಟಿಗೆ. ಕುವೈಟಿನ ಆಗಸ್ಟ್ ತಿಂಗಳ ಬಿಸಿಲು ನಿಮಗೆ ಗೊತ್ತಿಲ್ಲದಿದ್ದರೆ ಒಳ್ಳೆಯದೇ ಆಯಿತು. ಮೊದಲು ಬೆಕ್ಕುಗಳು ಬಂದವು. ಆಮೇಲೆ ಬೆಕ್ಕುಗಳೂ ಬರುವುದನ್ನು ನಿಲ್ಲಿಸಿದವು. ನೊಣಗಳು ಮಾತ್ರ ಎಲ್ಲಿಗೂ ಹೋಗಲಿಲ್ಲ.

ನಮ್ಮ ಕಟ್ಟಡದಲ್ಲಿ ಉಳಿದವರೆಲ್ಲ ಸೇರಿ ಮೀಟಿಂಗ್ ಮಾಡಿದೆವು. (ಭಾರತೀಯರು ನಾಲ್ಕು ಮಂದಿ ಉಳಿದರೂ ಮೀಟಿಂಗ್ ಆಗುತ್ತದೆ.) ನಮ್ಮವರು ಊರಿನವರ ಸಂಘದಲ್ಲಿ ಪದಾಧಿಕಾರಿಯಾಗಿದ್ದವರು. ಕಸ ಕೂಡಲೇ ತೆರವಾಗಬೇಕು ಎಂಬ ನಿರ್ಣಯವನ್ನು ಅವರೇ ಮಂಡಿಸಿದರು. ಎಲ್ಲರೂ ಒಪ್ಪಿದರು. ತೆರವು ಮಾಡುವವರು ಯಾರು ಎಂಬಲ್ಲಿ ಮಾತು ಬೇರೆ ಕಡೆಗೆ ಹೊರಳಿತು: ಅಲ್ಲಿ ಬಿದ್ದಿರುವುದು ಯಾರ ಕಸ? ಮೇಲಿನ ಮಹಡಿಯ ಪಂಜಾಬಿ ಹೆಂಗಸು, ತಾವು ಶುದ್ಧ ಸಸ್ಯಾಹಾರಿಗಳು, ತೊಟ್ಟಿಯ ಪಕ್ಕ ಬಿದ್ದಿರುವುದು ಮೀನಿನ ಮುಳ್ಳು ಎಂದರು. ಆಮೇಲೆ ನನ್ನ ಕಡೆಗೆ ನೋಡಿದರು. ಮೀಟಿಂಗ್ ಮುಗಿಯಿತು.

ಅದೇ ವಾರ ರಶ್ಮಿ ಮಲಗಿದಳು.

ಮೊದಲು ವಾಂತಿ. ಆಮೇಲೆ ಭೇದಿ. ಸಂಜೆಯ ಹೊತ್ತಿಗೆ ಜ್ವರ. ಮರುದಿನ ಅವಳು ನೀರೂ ಬೇಡ ಎಂದಳು. ಕನ್ನಡದಲ್ಲಿ ಹೇಳಿದಳು, "ಅಮ್ಮ, ಬೇಡ" ಎಂದು. ಅವಳು ಕನ್ನಡ ಮಾತಾಡಲಿ ಎಂದು ವರ್ಷಗಟ್ಟಲೆ ಗೋಗರೆದವಳು ನಾನು. ಅವತ್ತು ಆ ಮಾತು ಕೇಳಿದ್ದೇ ಮೆಟ್ಟಿಲ ಕಡೆ ಓಡಿದೆ.

ಮೇಲಿನ ಮನೆಯ ಲಿಲ್ಲಿ ಬಾಯಿಯನ್ನು ಕರೆದೆ. ಮಂಗಳೂರಿನ ಕಡೆಯವರು, ಹತ್ತಿರದ ಆಸ್ಪತ್ರೆಯಲ್ಲಿ ನರ್ಸ್. ಗಂಡ ರಜೆಯಲ್ಲಿ ಊರಿಗೆ ಹೋಗಿ ಅಲ್ಲೇ ಸಿಕ್ಕಿಬಿದ್ದಿದ್ದರು. ಲಿಲ್ಲಿ ಬಾಯಿ ಇಲ್ಲಿ ಸಿಕ್ಕಿಬಿದ್ದಿದ್ದರು. ಮಗುವಿನ ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟು ನೋಡಿದರು. ಚರ್ಮ ನಿಧಾನವಾಗಿ ಕೆಳಗಿಳಿಯಿತು, ಮೈಯ ನೀರು ಬತ್ತಿದ ಗುರುತು.

"ಆಸ್ಪತ್ರೆಗೆ ಕರ್ಕೊಂಡು ಹೋಗುವನಾ?" ಎಂದರು ನಮ್ಮವರು.

"ಬೇಡ ಅಣ್ಣ. ಅಲ್ಲಿ ಇಂಥದ್ದೇ ಮಕ್ಕಳು ತುಂಬಿದ್ದಾವೆ. ಡ್ರಿಪ್ ಮುಗೀತಾ ಬಂತು. ಕುದಿಸಿದ ನೀರು, ಉಪ್ಪು, ಸಕ್ಕರೆ. ಚಮಚದಲ್ಲಿ ಕುಡಿಸ್ತಾ ಇರಿ. ಕಕ್ಕಿದ್ರೂ ಬಿಡ್ಬೇಡಿ. ಸಕ್ಕರೆ ಉಂಟಲ್ಲ?"

ಇರಲಿಲ್ಲ. ಅಂಗಡಿಗಳಲ್ಲಿಯೂ ಇರಲಿಲ್ಲ.

ನಮ್ಮ ಕಟ್ಟಡದ ಪಕ್ಕ ಕುವೈಟಿಗಳದೊಂದು ದೊಡ್ಡ ಮನೆ. ಯಜಮಾನಿಯನ್ನು ಎಲ್ಲರೂ ಉಮ್ಮ್ ಫೈಸಲ್ ಎನ್ನುತ್ತಾರೆ, ಅಂದರೆ ಫೈಸಲನ ತಾಯಿ. ವಿಧವೆ. ಅಲ್ಲಿಯವರೆಗೆ ಅವರು ನಮ್ಮೊಂದಿಗೆ ಆಡಿದ್ದ ಮಾತೆಂದರೆ, ಮೀನು ಹುರಿಯುವಾಗ ಕಿಟಕಿ ಮುಚ್ಚಿಕೊಳ್ಳಿ ಎಂದು ಕೆಲಸದವಳ ಕೈಲಿ ಹೇಳಿಸಿದ್ದು. ಈಗ ಕೆಲಸದವಳೂ ಹೊರಟುಹೋಗಿದ್ದಳು. ಗೇಟು ಬಡಿದೆ. ಬಹಳ ಹೊತ್ತಿನ ಮೇಲೆ ಅವರೇ ತೆರೆದರು. ಕೈಯಲ್ಲಿ ಪೊರಕೆ.

ಮಗುವಿಗೆ ಹುಷಾರಿಲ್ಲ, ಸಕ್ಕರೆ ಬೇಕು ಎಂದು ಬಂದಷ್ಟು ಹಿಂದಿಯಲ್ಲಿ ಹೇಳಿದೆ. ಕೆಲಸದವರ ಜೊತೆ ಆಡಿ ಅವರಿಗೂ ಸ್ವಲ್ಪ ಹಿಂದಿ ಬರುತ್ತಿತ್ತು. ಅವರು ಒಳಗೆ ಹೋಗಿ ಡಬ್ಬಿಯನ್ನೇ ತಂದರು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಒಬ್ಬ ಯುವಕ ಕಂಡ. ನನ್ನನ್ನು ನೋಡಿ ತಟ್ಟನೆ ಮರೆಯಾದ. ಉಮ್ಮ್ ಫೈಸಲ್ ನನ್ನ ಮುಖ ನೋಡಿದರು.

"ತುಮ್ ಕುಛ್ ನಹಿ ದೇಖಾ" ಎಂದರು.

"ಕುಛ್ ನಹಿ" ಎಂದೆ.

ಸೈನಿಕರು ಮನೆ ಮನೆ ಹೊಕ್ಕು ಕುವೈಟಿ ಯುವಕರನ್ನು ಹಿಡಿದೊಯ್ಯುತ್ತಿದ್ದ ಕಾಲ ಅದು. ಹೋದವರು ಎಲ್ಲಿದ್ದಾರೆಂದು ತಿಳಿಯುತ್ತಿರಲಿಲ್ಲ.

ಎರಡು ಹಗಲು ಎರಡು ರಾತ್ರಿ ಚಮಚದಲ್ಲಿ ನೀರು ಕುಡಿಸಿದೆವು. ಅವಳು ಕಕ್ಕಿದಳು, ನಾವು ಕುಡಿಸಿದೆವು. ಆಮೇಲೆ ಅವಳು ಕಣ್ಣು ಬಿಟ್ಟು, "ಐ ವಾಂಟ್ ಫಿಶ್" ಎಂದಳು. ಮಗಳು ಇಂಗ್ಲಿಷ್ ಮಾತಾಡಿದ್ದಕ್ಕೆ ಅತ್ತ ತಾಯಿ ನಾನೊಬ್ಬಳೇ ಇರಬೇಕು.

ಲಿಲ್ಲಿ ಬಾಯಿ ಅಳಲಿಲ್ಲ. ಕಿಟಕಿಯ ಬಳಿ ಹೋಗಿ ಬೀದಿ ಮೂಲೆಯನ್ನು ನೋಡಿದರು.

"ಈ ಸಲ ಎದ್ದು ಕೂತ್ಲು ಅಕ್ಕ. ಆ ನೊಣ ಅಲ್ಲೇ ಇದ್ರೆ ಬರುವ ವಾರ ಪುನಃ ಮಲಗ್ತಾಳೆ. ಆಗ ನನ್ನನ್ನು ಕರೀಬೇಡಿ. ನನ್ನತ್ರ ಎಂತದೂ ಇಲ್ಲ."

ಕಸವನ್ನು ಸಾಗಿಸುವುದಾದರೂ ಹೇಗೆ? ನಮ್ಮ ಕಾರನ್ನು ಸೈನಿಕರು ಮೊದಲ ವಾರವೇ ಒಯ್ದಿದ್ದರು. ಉಮ್ಮ್ ಫೈಸಲ್ ಅವರ ಗ್ಯಾರೇಜಿನಲ್ಲಿ ದೊಡ್ಡದೊಂದು ಅಮೆರಿಕನ್ ವ್ಯಾನ್ ಇತ್ತು. ಅದರ ಮೇಲೆ ಹಳೆಯ ಜಮಖಾನೆ, ಮುರಿದ ಕುರ್ಚಿ ಎಲ್ಲ ಹೇರಿ ಬಚ್ಚಿಟ್ಟಿದ್ದರು. ಸಕ್ಕರೆ ಡಬ್ಬಿ ಮರಳಿಸಲು ಹೋದಾಗ ನಮ್ಮವರೂ ಬಂದರು. ವಿಷಯ ಹೇಳಿದರು. ಗಾಡಿ ಹೊರಗೆ ತಂದರೆ ಸೈನಿಕರು ಕಿತ್ತುಕೊಳ್ಳುತ್ತಾರೆ ಎಂದರು ಉಮ್ಮ್ ಫೈಸಲ್.

"ಕಸ ತುಂಬಿದ ಗಾಡಿಯನ್ನು ಯಾರು ಕಿತ್ತುಕೊಳ್ತಾರೆ, ಅಮ್ಮಾ?" ಎಂದು ಒಳಗಿನಿಂದ ಇಂಗ್ಲಿಷಿನಲ್ಲಿ ಒಂದು ದನಿ ಬಂತು. ಫೈಸಲ್. ಅಮೆರಿಕದಲ್ಲಿ ಎಂಜಿನಿಯರಿಂಗ್ ಓದಿ ಆಗಷ್ಟೇ ಬಂದಿದ್ದವನು. ತಾನೂ ಬರುತ್ತೇನೆ ಎಂದ.

ತಾಯಿ ತಿರುಗಿ ನಮ್ಮವರಿಗೆ ಹೇಳಿದರು: "ಹಮ್ ಗಾಡಿ ದೇಗಾ. ಬಚ್ಚಾ ನಹಿ ದೇಗಾ."

ಆರಡಿ ಎತ್ತರದ ಬಚ್ಚಾ ಮೆಟ್ಟಿಲಿಳಿದು ಬಂದ. ಅರೇಬಿಕ್‌ನಲ್ಲಿ ತಾಯಿ ಮಗನ ವಾದ ನಡೆಯಿತು. ನನಗೆ ಅರ್ಥವಾದದ್ದು ಸ್ವಲ್ಪ. ಕೋಣೆಯಲ್ಲಿ ಕೂತು ಹುಚ್ಚು ಹಿಡಿಯುತ್ತಿದೆ ಎಂದ. ಇದು ನನ್ನ ಬೀದಿ ಎಂದ. ಈ ಇಂಡಿಯನ್ನರು ನನ್ನ ಬೀದಿ ಗುಡಿಸುವಾಗ ನಾನು ಪರದೆಯ ಹಿಂದೆ ನಿಂತು ನೋಡಲೇ ಎಂದ. ತಾಯಿ ಕೊನೆಗೆ ಗಾಡಿಯ ಕೀಲಿ ತಂದಿಟ್ಟರು. ಒಪ್ಪಿದರೋ ದಣಿದರೋ ಗೊತ್ತಿಲ್ಲ.

ಲಿಲ್ಲಿ ಬಾಯಿ ಆಸ್ಪತ್ರೆಯಿಂದ ಕ್ಲೀನಿಂಗ್‌ನವರ ನೀಲಿ ಅಂಗಿ ತಂದುಕೊಟ್ಟರು. ಫೈಸಲ್ ಗಡ್ಡ ಬೋಳಿಸಿ ಅದನ್ನು ತೊಟ್ಟ. ತೋಳು ಮೊಣಕೈಯವರೆಗೂ ಬರಲಿಲ್ಲ. ನಮ್ಮವರು ಡ್ರೈವರ್. ನನಗೇನು ಕೆಲಸ?

"ನೀನು ಮುಂದೆ ಕೂತ್ಕೊ ಮಾರಾಯ್ತಿ. ಒಳ್ಳೆ ಸೀರೆ ಉಡು. ದೂರದಿಂದಲೇ ಗೊತ್ತಾಗ್ಬೇಕು ಇಂಡಿಯನ್ ಅಂತ" ಎಂದರು ನಮ್ಮವರು. ಮದುವೆಯಾದ ಮೇಲೆ ನನಗೆ ಒಳ್ಳೆ ಸೀರೆ ಉಡು ಎಂದು ಅವರಾಗಿಯೇ ಹೇಳಿದ್ದು ಅದೇ ಮೊದಲು.

ವ್ಯಾನಿನ ಹಿಂದಿನ ವೆಲ್ವೆಟ್ ಸೀಟುಗಳನ್ನು ಕಿತ್ತೆವು. ಸಲಿಕೆಯಲ್ಲಿ ತುಂಬಿದೆವು. ಅದರ ವರ್ಣನೆ ಬೇಡ, ನೀವು ಕಾಫಿ ಕುಡಿಯುತ್ತಾ ಓದುತ್ತಿರಬಹುದು. ಮಧ್ಯಾಹ್ನದ ಉರಿ ಬಿಸಿಲಿನಲ್ಲಿ, ಸೈನಿಕರು ನೆರಳು ಬಿಟ್ಟು ಬರುವುದಿಲ್ಲ ಎಂಬ ಲೆಕ್ಕಾಚಾರದಲ್ಲಿ ಹೊರಟೆವು. ಊರಾಚೆ ಮರಳು ಬಯಲಿನಲ್ಲಿ ಮುನಿಸಿಪಾಲಿಟಿಯ ಹಳೆಯ ಗುಂಡಿಯಿತ್ತು. ಅಲ್ಲಿಗೆ.

ಲೆಕ್ಕ ತಪ್ಪಿತು. ಚೆಕ್‌ಪೋಸ್ಟಿನಲ್ಲಿ ಒಬ್ಬ ಸೈನಿಕ ಎದ್ದು ಬಂದೇ ಬಂದ. ಮೂಗು ಮುಚ್ಚಿಕೊಂಡು ನಮ್ಮವರ ಗುರುತಿನ ಚೀಟಿ ನೋಡಿದ. ನನ್ನ ಸೀರೆ ನೋಡಿದ. "ಹಿಂದಿ" ಎಂದು ತಲೆಯಾಡಿಸಿದ. ಇಲ್ಲಿ ಭಾರತದವರೆಲ್ಲ ಹಿಂದಿಗಳೇ. ಆಮೇಲೆ ಹಿಂದೆ ಕಸದ ಚೀಲಗಳ ನಡುವೆ ಕೂತ ಫೈಸಲನತ್ತ ಬೆರಳು ತೋರಿಸಿದ.

"ಇವನು?"

"ಹಿಂದಿ" ಎಂದರು ನಮ್ಮವರು.

"ಇಷ್ಟು ಬಿಳಿ?"

"ಕಾಶ್ಮೀರ್."

ಸೈನಿಕನಿಗೆ ಕಾಶ್ಮೀರ ಗೊತ್ತಿರಲಿಲ್ಲ. ನೇರವಾಗಿ ಫೈಸಲನಿಗೇ ಅರೇಬಿಕ್‌ನಲ್ಲಿ ಕೇಳಿದ, ನಿನ್ನ ಹೆಸರೇನು ಎಂದು. ಫೈಸಲನ ತುಟಿ ಅಲುಗಿತು. ಮಾತೃಭಾಷೆಯಲ್ಲಿ ಯಾರಾದರೂ ಹೆಸರು ಕೇಳಿದರೆ ಹೇಳದೆ ಇರುವುದು ಎಷ್ಟು ಕಷ್ಟ ಎಂದು ಅವತ್ತು ನೋಡಿದೆ.

ನಾನು ಹಿಂದಕ್ಕೆ ತಿರುಗಿ ಬೈಯಲು ಶುರು ಮಾಡಿದೆ. ನಮ್ಮೂರಿನ ಅಚ್ಚ ತುಳುವಿನಲ್ಲಿ. ಬಾಯಿ ಬಿಟ್ಟುಕೊಂಡು ಎಂತ ನೋಡುತ್ತೀ, ಹೇಳಿದ ಒಂದು ಕೆಲಸವೂ ನೆಟ್ಟಗೆ ಮಾಡುವುದಿಲ್ಲ, ಒದ್ದೆ ಟವೆಲನ್ನು ಮಂಚದ ಮೇಲೆ ಬಿಸಾಡುತ್ತೀ, ತಿಂದ ತಟ್ಟೆ ಎತ್ತುವುದಿಲ್ಲ, ಮೀಟಿಂಗ್ ಮಾತ್ರ ಬೇಕು ನಿನಗೆ. ಅರ್ಧದಿಂದ ಮುಂದೆ ಅದು ಫೈಸಲನಿಗೆ ಹೇಳಿದ್ದಲ್ಲ. ಪಕ್ಕದಲ್ಲಿ ಸ್ಟೀರಿಂಗ್ ಹಿಡಿದವರಿಗೆ ಪೂರ್ತಿ ಅರ್ಥವಾಗುತ್ತಿತ್ತು.

ಫೈಸಲ್ ತಲೆ ತಗ್ಗಿಸಿದ. ಅವನಿಗೆ ಬರುತ್ತಿದ್ದ ಒಂದೇ ಹಿಂದಿ ಮಾತನ್ನು ಹೇಳಿದ. ಎಳವೆಯಲ್ಲಿ ಸಾಕಿದ ಆಯಾಳಿಂದ ಕಲಿತದ್ದು.

"ಅಚ್ಛಾ."

ನಾನು ಇನ್ನಷ್ಟು ಬೈದೆ.

"ಅಚ್ಛಾ, ಅಚ್ಛಾ."

ಸೈನಿಕ ನಕ್ಕ. ಫೈಸಲನಿಗೆ ಏನೋ ಹೇಳಿ "ಯಲ್ಲಾ, ಹೊರಡಿ" ಎಂದು ಕೈ ಬೀಸಿದ. ಚೆಕ್‌ಪೋಸ್ಟ್ ಕಣ್ಣಿಂದ ಮರೆಯಾದ ಮೇಲೆ ನಮ್ಮವರು ಗಾಡಿ ನಿಲ್ಲಿಸಿ ಸ್ಟೀರಿಂಗಿನ ಮೇಲೆ ಹಣೆಯಿಟ್ಟು ಕೂತರು. ಫೈಸಲ್ ಇಳಿದು ರಸ್ತೆ ಬದಿಯಲ್ಲಿ ವಾಂತಿ ಮಾಡಿದ. ಬಾಯಿ ಒರೆಸಿಕೊಂಡು ಬಂದವನನ್ನು, ಅವನೇನು ಹೇಳಿದ ಎಂದು ಕೇಳಿದೆ.

"ಪಾಪ ಕಣೋ, ನಿನ್ನ ಮೇಡಂ ಭಾರಿ ಜೋರಿದ್ದಾಳೆ ಅಂದ" ಎಂದ.

ಮತ್ತೆ ಹೋದೆವು. ಮತ್ತೆ ಮತ್ತೆ ಹೋದೆವು. ಬೀದಿಯ ಉಳಿದ ಮನೆಗಳವರೂ ಚೀಲ ಕಟ್ಟಿ ತಂದಿಡತೊಡಗಿದರು. ಪಂಜಾಬಿ ಹೆಂಗಸು ನಮ್ಮೆಲ್ಲರಿಗೂ ನಿಂಬೆ ಶರಬತ್ತು ಕಳಿಸಿದರು. ಒಂದು ದಿನ ಅದೇ ಸೈನಿಕ ಕೈ ಅಡ್ಡ ಹಿಡಿದು ಗಾಡಿ ನಿಲ್ಲಿಸಿದ. ನಾನು ಹಿಂದಕ್ಕೆ ತಿರುಗಿ ಬೈಯಲು ಸಜ್ಜಾದೆ. ಅವನು ಸಂಕೋಚದಿಂದ ಚೆಕ್‌ಪೋಸ್ಟಿನ ಹಿಂಬದಿ ತೋರಿಸಿದ. ಅಲ್ಲಿ ಅವರದೇ ಕಸದ ರಾಶಿ. ಅವರಲ್ಲಿ ಇಬ್ಬರಿಗೆ ಭೇದಿ ಹಿಡಿದು ನಿಲ್ಲುತ್ತಿಲ್ಲವಂತೆ. ಇದನ್ನೂ ಒಯ್ಯುತ್ತೀರಾ ಎಂದ.

ನಮ್ಮವರು ಫೈಸಲನ ಕಡೆ ನೋಡಿದರು. ತನ್ನ ದೇಶವನ್ನು ಆಕ್ರಮಿಸಿ ಕೂತವರ ಕಸ. ಫೈಸಲ್ ಆ ರಾಶಿಯನ್ನು ನೋಡಿದ. ಆಮೇಲೆ ಸಲಿಕೆ ಹಿಡಿದು ಇಳಿದ. ಕೆಲಸ ಮುಗಿಸಿ ಬಂದು ಕೂತು, "ನೊಣಕ್ಕೆ ಪಾಸ್‌ಪೋರ್ಟ್ ಇಲ್ಲವಲ್ಲ" ಎಂದ. ಅದರ ನಂತರ ನಮ್ಮ ಗಾಡಿಯನ್ನು ಆ ಚೆಕ್‌ಪೋಸ್ಟಿನಲ್ಲಿ ಯಾರೂ ತಡೆಯಲಿಲ್ಲ.

ಸ್ವಲ್ಪ ದಿನಗಳಲ್ಲಿ ಜೋರ್ಡಾನಿನ ಮೂಲಕ ಊರಿಗೆ ಹೋಗುವ ನಮ್ಮ ಸರದಿ ಬಂತು. ರಶ್ಮಿಯನ್ನು ಇನ್ನು ಅಲ್ಲಿ ಇಟ್ಟುಕೊಳ್ಳುವ ಧೈರ್ಯ ನಮಗಿರಲಿಲ್ಲ. ಉಮ್ಮ್ ಫೈಸಲ್ ಮಗುವನ್ನು ಎತ್ತಿ ಮುತ್ತಿಟ್ಟು, ಇನ್ನು ಗಾಡಿ ಓಡಿಸುವವರು ಯಾರು ಎಂದು ಕೇಳಿದರು. ಲಿಲ್ಲಿ ಬಾಯಿ ಆಸ್ಪತ್ರೆ ಬಿಟ್ಟು ಬರಲೊಪ್ಪಲಿಲ್ಲ. "ನಾನು ಓಡಿಸ್ತೇನೆ ಬಿಡಿ" ಎಂದರು. ಅವರಿಗೆ ಲೈಸೆನ್ಸ್ ಇರಲಿಲ್ಲ. ಬಿಳಿ ಯೂನಿಫಾರ್ಮ್ ಇತ್ತು. ಅಷ್ಟೇ ಸಾಕಾಯಿತು. ಯುದ್ಧ ಮುಗಿಯುವವರೆಗೂ ಆ ಬೀದಿಯಲ್ಲಿ ಬೇರೆ ಯಾವ ಮಗುವೂ ಭೇದಿಯಿಂದ ಮಲಗಲಿಲ್ಲ ಎಂದು ಈಗ ಬಂದ ಮೇಲೆ ಅವರ ಬಾಯಿಂದಲೇ ಕೇಳಿದೆ. ನಡುವೆ ಒಂದು ವಿದ್ಯುತ್ ಕಂಬಕ್ಕೆ ಮಾತ್ರ ಪೆಟ್ಟಾಯಿತಂತೆ.

ಫೈಸಲ್ ಬದುಕಿದ್ದಾನೆ. ಈಗ ಅಹ್ಮದಿಯಲ್ಲಿ, ನಮ್ಮವರದೇ ಕಂಪನಿಯಲ್ಲಿ ಎಂಜಿನಿಯರ್. ನಮ್ಮವರಿಗಿಂತ ಎಷ್ಟೋ ಮೇಲಿನ ಹುದ್ದೆ. ಕಳೆದ ವಾರ ಅವನು ಬಾವಿಯ ಬೆಂಕಿ ಆರಿಸಲು ಬಂದ ವಿದೇಶಿ ಎಂಜಿನಿಯರುಗಳ ಜೊತೆ ಆಫೀಸಿನಲ್ಲಿ ಹೋಗುತ್ತಿದ್ದನಂತೆ. ನಮ್ಮವರನ್ನು ಕಂಡು ನಿಂತು, ಭುಜಕ್ಕೆ ಕೈ ಹಾಕಿ, "ಇವರು ನನ್ನ ಮೊದಲ ಬಾಸ್" ಎಂದು ಪರಿಚಯಿಸಿದನಂತೆ.

ಯಾವ ಡಿಪಾರ್ಟ್‌ಮೆಂಟ್ ಎಂದು ಅವರು ಕೇಳಿದರು.

"ಕಸ" ಎಂದ ಫೈಸಲ್.

ವಿದೇಶಿಯರು ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಅವತ್ತು ಸಂಜೆ ಮನೆಗೆ ಬಂದು ಶೂ ಬಿಚ್ಚುತ್ತಾ ನಮ್ಮವರು ಇದನ್ನೆಲ್ಲ ಹೇಳಿದರು. ಒಂದು ಶೂ ಕೈಯಲ್ಲಿತ್ತು, ಇನ್ನೊಂದು ಕಾಲಲ್ಲೇ. ಆಮೇಲೆ ನನ್ನನ್ನು ಕೇಳಿದರು:

"ಅದ್ರಲ್ಲಿ ನಗುವಂಥದ್ದು ಎಂತ ಉಂಟು?"