ಸೀರೆ ಕೊಟ್ಟವಳು ಕಥೆಯಲ್ಲಿಲ್ಲ

ನಿನ್ನೆ ಸೀಮೆಎಣ್ಣೆ ಸ್ಟೌವಿನ ಬತ್ತಿ ಕತ್ತರಿಸಿದೆ. ಗೋಧಿ ಆರಿಸಿ ಗಿರಣಿಗೆ ಕಳಿಸಿದೆ. ಮಗಳ ಲಂಗಕ್ಕೆ ಲಾಡಿ ಪೋಣಿಸಿದೆ. ಚಿಂತಾಮಣಿಯ ಅಕ್ಕನಿಗೆ ಇನ್‌ಲ್ಯಾಂಡ್ ಪತ್ರ ಬರೆದೆ. ಕಾಲೇಜಿಗೆ ಹೋಗಿ ಮಧ್ಯಾವಧಿ ಪರೀಕ್ಷೆಯ ಉತ್ತರಪತ್ರಿಕೆ ಹಂಚಿದೆ. ಈ ಕೊನೆಯದೊಂದು ಮಾತ್ರ ಕೆಟ್ಟಿತು.

ಶಿಡ್ಲಘಟ್ಟದಲ್ಲಿ ಕನ್ನಡ ಪಾಠ ಹೇಳಲು ತೊಡಗಿ ಹದಿನಾಲ್ಕು ವರ್ಷವಾಯಿತು. ನಿರೂಪಕರ ದೃಷ್ಟಿಕೋನ ಎಂದರೆ ನನಗೆ ಬಲು ಪ್ರೀತಿ. ಕಥೆಯನ್ನು ಯಾರು ಹೇಳುತ್ತಿದ್ದಾರೆ, ಅವರು ಯಾವ ಕಿಟಕಿಯ ಬಳಿ ನಿಂತಿದ್ದಾರೆ ಎಂದು ಮಕ್ಕಳನ್ನು ಕೇಳುತ್ತಲೇ ಇರುತ್ತೇನೆ. ಈ ಸಲ ಒಂದು ಕಥೆ ಹೇಳಿದ್ದೆ. ಮನೆಯೊಡತಿ ಕೆಲಸದವಳಿಗೆ ಹಬ್ಬಕ್ಕೆ ಹಳೇ ಸೀರೆ ಕೊಡುತ್ತಾಳೆ, ಕೆಲಸದವಳ ಕಣ್ಣು ತುಂಬುತ್ತದೆ, ಹೇಳುವವಳು ಒಡತಿಯೇ. ಅದನ್ನು ಕೆಲಸದವಳ ಕಣ್ಣಿನಿಂದ ಬರೆಯಿರಿ ಎಂಬುದು ಹದಿನೈದು ಅಂಕದ ಪ್ರಶ್ನೆ. ಅರ್ಧ ತರಗತಿ ಒಡತಿಯನ್ನು ದೇವತೆ ಮಾಡಿತು, ಇನ್ನರ್ಧ ರಾಕ್ಷಸಿ ಮಾಡಿತು. ಬಡವರ ಪರ ನಿಂತಿದ್ದಾರಲ್ಲ ಎಂದು ಹಿಗ್ಗಿ ರಾಕ್ಷಸಿಯವರಿಗೆ ಎರಡೆರಡು ಅಂಕ ಹೆಚ್ಚು ಕೊಟ್ಟೆ.

ಮುಬೀನಾ ಎಂಬ ಹುಡುಗಿ ಎರಡೂ ಮಾಡಿರಲಿಲ್ಲ. ‘ಒಂದು ಸೀರೆ ಕೊಟ್ಟರು’ ಎಂದು ಅರ್ಧ ಸಾಲಿನಲ್ಲಿ ಮುಗಿಸಿದ್ದಳು. ಮುಂದೆ ಎರಡು ಪುಟ ನಲ್ಲಿಯ ಜಗಳ, ಮಗುವಿನ ಕೆಮ್ಮು, ಆ ಸೀರೆ ಹರಿದು ಕೌದಿಗೆ ಒಳಪದರ ಕೊಟ್ಟದ್ದು. ಕೆಂಪು ಶಾಯಿಯಲ್ಲಿ ‘ಮುಖ್ಯ ಪಾತ್ರವೇ ಇಲ್ಲ’ ಎಂದು ಬರೆದು ಮೂರು ಅಂಕ ಹಾಕಿದ್ದೆ. ಅದರಿಂದಾಗಿ ಪಾಸಿಗೆ ನಾಲ್ಕು ಅಂಕ ಕಡಿಮೆಯಾಗಿ ಅವಳು ಫೇಲು.

ಸಂಜೆ ಸ್ಟಾಫ್ ರೂಮಿಗೆ ಬಂದಳು. ಅವಳ ತಾಯಿ ರೇಷ್ಮೆಗೂಡು ಬೇಯಿಸಿ ನೂಲು ಬಿಚ್ಚುವ ಘಟಕದಲ್ಲಿ ಕೆಲಸ ಮಾಡುವವರು. ಈ ಪರೀಕ್ಷೆಯಲ್ಲಿ ಫೇಲಾದರೆ ಮುಂದಿನ ವಾರದಿಂದ ತನ್ನನ್ನೂ ಅಲ್ಲಿ ಚರಕದ ಮುಂದೆ ಕೂರಿಸುತ್ತಾರಂತೆ. ಅಳಲಿಲ್ಲ. ತಪ್ಪೇನು ಎಂದಷ್ಟೇ ಕೇಳಿದಳು. ಒಡತಿ ಎಲ್ಲಿ ಹೋದಳಮ್ಮಾ, ಅವಳ ಬಗ್ಗೆ ಕೆಲಸದವಳಿಗೆ ಏನೂ ಅನ್ನಿಸುವುದಿಲ್ಲವೆ, ಎಂದೆ.

"ನಮ್ಮಮ್ಮ ಮನೇಗ್ ಬಂದು ಸಾವ್ಕಾರ್ರ ಮಾತೇ ಎತ್ತಲ್ಲ ಮೇಡಂ. ನೀರೆಷ್ಟು ಸುಡ್ತಿತ್ತು, ಗೂಡು ಹೆಂಗಿತ್ತು, ಪಕ್ಕದೋಳು ಏನಂದ್ಲು, ಇಷ್ಟೇ. ಅವ್ರು ಮಧ್ಯ ಯಾಕ್ ಬರ್ಬೇಕು?"

ನಮ್ಮ ಮನೆಯಲ್ಲಿ ಪಾತ್ರೆ ತೊಳೆಯುವ ಮುನಿರತ್ನಮ್ಮ ನೆನಪಾದಳು. ಹೋದ ಯುಗಾದಿಗೆ ಅವಳಿಗೊಂದು ಸೀರೆ ಕೊಟ್ಟಿದ್ದೆ. ಸೀರೆ ನೋಡಿ ಓಣಿಯವರು ಏನೆಂದರು ಎಂದು ತಿಳಿಯಲು ಮಾರನೆಯ ದಿನವೆಲ್ಲ ಅವಳ ಹಿಂದೆಮುಂದೆ ಸುಳಿದೆ. ಅವಳು ನೀರಿನ ಟ್ಯಾಂಕರ್ ಬಾರದ್ದನ್ನೇ ಹೇಳುತ್ತಿದ್ದಳು. ಕಣ್ಣು ಬದಲಿಸಿ ಎಂದು ಮಕ್ಕಳಿಗೆ ಹೇಳುವ ನಾನು, ಯಾರ ಕಣ್ಣಿಗೆ ಹೋದರೂ ಅಲ್ಲಿ ಕಾಣಬೇಕಾದ್ದು ನಾನೇ ಎಂದುಕೊಂಡಿದ್ದೆ. ರಾಕ್ಷಸಿಯಾದರೂ ಅಡ್ಡಿಯಿಲ್ಲ, ಮಧ್ಯದಲ್ಲಿರಬೇಕು. ಕೆಲಸದವಳ ಕಣ್ಣಿನಿಂದ ನಿಜವಾಗಿ ನೋಡಿದವಳು ತರಗತಿಯಲ್ಲಿ ಇವಳೊಬ್ಬಳೇ.

ಪತ್ರಿಕೆ ಈಸಿಕೊಂಡು ಇನ್ನೊಮ್ಮೆ ಓದಿದೆ. ಮೂರನ್ನು ಹೊಡೆದು ಹನ್ನೆರಡು ಬರೆದು ಸಹಿ ಹಾಕಿದೆ. ಹಾಕಿದವಳು ಸುಮ್ಮನಿರಬಾರದೆ? ಕಣ್ಣು ತುಂಬುತ್ತದೇನೋ ಎಂದು ಅವಳ ಮುಖವನ್ನೇ ನೋಡುತ್ತ ಕೂತೆ.

ಅವಳು ಬೆರಳು ಮಡಿಸಿ ಮೊತ್ತ ಕೂಡಿದಳು, ಇನ್ನೊಮ್ಮೆ ಕೂಡಿದಳು. "ಸರಿಯಾಗಿದೆ ಮೇಡಂ, ಬರ್ತೀನಿ. ಅಮ್ಮ ಬರೋ ಹೊತ್ತಾಯ್ತು" ಎಂದು ಹೊರಟೇಬಿಟ್ಟಳು.

ರಾತ್ರಿ ಮುದ್ದೆ, ಬಸ್ಸಾರು. ನಡೆದದ್ದನ್ನೆಲ್ಲ ಹೇಳಿ, ಮುಬೀನಾಳ ಮನೆಯಲ್ಲಿ ಈಗ ಯಾರ ಮಾತು ನಡೆದಿರಬಹುದು ಎಂದು ಮನೆಯವರನ್ನು ಕೇಳಿದೆ. ನಿನ್ನದಂತೂ ಅಲ್ಲ, ಇನ್ನೊಂದು ಸೌಟು ಸಾರು ಹಾಕು ಎಂದರು. ಮೊದಲು ನಿದ್ದೆಹೋದವಳು ನಾನಂತೆ. ಹಾಗೆಂದು ಹೇಳುತ್ತಿರುವವರು ಅವರು. ಆ ಹೊತ್ತಿಗೆ ನನ್ನ ಕಣ್ಣು ಮುಚ್ಚಿತ್ತಾದ್ದರಿಂದ ಒಪ್ಪಿಕೊಂಡಿದ್ದೇನೆ.